ಮೂರು ಸಲ ಕೆಂಪು

"ಇನ್ನೊಂದು ಸಲ ಎಣಿಸಿ ಹೇಳಿ ಸಾರ್," ಎಂದಳು ಫೋನಿನಲ್ಲಿ ಲ್ಯಾಬಿನ ಹುಡುಗಿ. ಅವನು ಹಿತ್ತಲ ಬಾಗಿಲ ಪಕ್ಕ ಸ್ಟೂಲಿನ ಮೇಲೆ ನಿಂತು, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಇನ್ನೊಂದು ಕೈಯನ್ನು ಬಿಸಿಲಿಗೆ ಅಡ್ಡ ಮಾಡಿ, ಗೋಡೆಗೆ ಬಿಗಿದಿದ್ದ ಬಿಳಿಯ ಡಬ್ಬಿಯನ್ನೇ ನೋಡುತ್ತಿದ್ದ. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡು ಬೆವರಿಗೆ ಜಾರುತ್ತಿತ್ತು. ಡಬ್ಬಿಯ ಕೆಳತುದಿಯಲ್ಲಿ ಸಾಸಿವೆ ಕಾಳಿನಷ್ಟು ದೀಪ. ಕೆಂಪು, ಕೆಂಪು, ಕೆಂಪು. ಬಿಡುವು. ಕೆಂಪು, ಕೆಂಪು, ಕೆಂಪು. ಮೂರು ದಿನದಿಂದ ಗಾಳಿಯ ಲೆಕ್ಕ ಕಳಿಸದೆ ಸುಮ್ಮನೆ ಕೂತಿರುವ ಈ ದರಿದ್ರ ಡಬ್ಬಿಯನ್ನು ಕಿತ್ತು ಗೋಡೆಯಾಚೆ ಎಸೆದುಬಿಡಬೇಕು ಎನ್ನುವಷ್ಟು ಸಿಟ್ಟು ಬಂತು ಅವನಿಗೆ.

"ಎರಡಾ ಮೂರಾ ಸರಿಯಾಗಿ ನೋಡಿ. ಎರಡಾದ್ರೆ ಸೆನ್ಸರ್ ನಿಮ್ಮ ವೈಫೈಗೆ ಸೇರ್ಕೊಂಡಿದೆ, ಆದ್ರೆ ಅಲ್ಲಿಂದ ಮುಂದೆ ಇಂಟರ್ನೆಟ್ ಇಲ್ಲ ಅಂತ. ಅದು ಕಂಪನಿ ಲೈನಿನ ತೊಂದರೆ. ಮೂರಾದ್ರೆ ವೈಫೈಗೇ ಸೇರ್ತಾ ಇಲ್ಲ ಅಂತ. ಮನೇಲಿ ಯಾರಾದ್ರೂ ಪಾಸ್‌ವರ್ಡ್ ಬದಲಾಯಿಸಿದ್ರೆ ಹಾಗಾಗತ್ತೆ. ಹಾಗಿದ್ರೆ ನಾನೇ ಬಂದು, ಡಬ್ಬಿ ಬಿಚ್ಚಿ, ಹೊಸದು ಹಾಕ್ಬೇಕು. ಈಗ್ಲೇ ಹೊರಟ್ರೆ ಹತ್ತೂವರೆಗೆ ಅಲ್ಲಿರ್ತೀನಿ."

ಪಾಸ್‌ವರ್ಡ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಶನಿವಾರದ ಮಧ್ಯಾಹ್ನ ಪೂರ್ತಿಯಾಗಿ, ಅದರ ಬಿಸಿಲು ಮತ್ತು ಬಣ್ಣದ ವಾಸನೆಯ ಸಮೇತ, ಬಂದು ಅವನ ಎದುರಿಗೆ ನಿಂತಿತು. ಕೆಂಪು, ಕೆಂಪು, ಕೆಂಪು.

"ಎರಡು," ಎಂದ.

"ಗ್ಯಾರಂಟಿನಾ ಸಾರ್?"

"ಏನ್ರೀ ಗ್ಯಾರಂಟಿ? ಇಪ್ಪತ್ತು ವರ್ಷದಿಂದ ತಕ್ಕಡಿ ಮುಳ್ಳು ನೋಡಿ ಹೊಟ್ಟೆ ಹೊರೀತಿರೋನು ನಾನು. ಎರಡು ಮೂರು ಗೊತ್ತಾಗಲ್ವಾ ನನಗೆ?"

"ಬೇಜಾರಾಗ್ಬೇಡಿ ಸಾರ್. ಹಾಗಾದ್ರೆ ಕಂಪನಿಯವರನ್ನೇ ಹಿಡೀರಿ. ಶನಿವಾರ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ನಿಂತಿದೆ. ಭಾನುವಾರ, ನಿನ್ನೆ ಎರಡೂ ದಿನ ರಜ ಇತ್ತಲ್ಲ, ನಮಗೂ ಗೊತ್ತಾಗ್ಲಿಲ್ಲ. ಇವತ್ತು ಮೂರರೊಳಗೆ ಬಂದ್ಬಿಟ್ರೆ ಬಚಾವ್. ಎಪ್ಪತ್ತೆರಡು ಗಂಟೆ ದಾಟಿದ್ರೆ ಇಪ್ಪತ್ತಾರು ದಿನದ ಲೆಕ್ಕ ಅಷ್ಟೂ ಹೋಯ್ತು, ಮತ್ತೆ ಒಂದರಿಂದ ಶುರು. ವಿಚಾರಣೆ ಬೇರೆ ಮುಂದಿನ ವಾರ. ನಾನು ಇನ್ನೊಂದು ಊರಿನ ಸೆನ್ಸರ್ ನೋಡೋಕೆ ಹೊರಟಿದ್ದೀನಿ, ನಾಲ್ಕರ ಮೇಲೆ ನಿಮ್ಮಲ್ಲಿಗೇ ಬರ್ತೀನಿ."

ಫೋನು ಇಟ್ಟ ಮೇಲೂ ಅವನು ಸ್ಟೂಲಿನಿಂದ ಇಳಿಯಲಿಲ್ಲ. ತಿರುಗಿ ಫೋನು ಮಾಡಿ, ತಪ್ಪಾಯ್ತಮ್ಮ, ಮೂರು, ಎಂದರೆ ಮುಗಿಯಿತು. ಒಂದು ಅಂಕಿ. ಆದರೆ ಆ ಅಂಕಿಯ ಹಿಂದೆ ಅವಳು ಬಂದು ಕೂರುತ್ತಾಳೆ, ಯಾರು ಬದಲಾಯಿಸಿದ್ದು ಎಂದು ಕೇಳುತ್ತಾಳೆ, ಯಾಕೆ ಎಂದು ಕೇಳುತ್ತಾಳೆ, ಒಳಗೆ ಮಂಚದ ಮೇಲೆ ಮೂರು ದಿಂಬು ಒರಗಿ ಕೂತಿರುವ ಅಕ್ಕ ಅದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಅವನ ತಕ್ಕಡಿ ರಿಪೇರಿ ಅಂಗಡಿಗೆ ಬರುವ ವ್ಯಾಪಾರಿಗಳು ಮುಳ್ಳು ಒಂದು ಗೆರೆ ಆಚೀಚೆ ಇದ್ದರೆ ಏನಾಯ್ತು ಸ್ವಾಮಿ, ಹಾಕಿ ಸೀಲು ಎಂದು ಹಲ್ಲು ಕಿಸಿಯುವಾಗ ಅವರ ಮುಖದ ಮೇಲೆ ತಕ್ಕಡಿ ಎಸೆದು ಕಳಿಸಿದವನು ಅವನು. ಬೀದಿಯವರು ಹಿಂದಿನಿಂದ 'ಅರೆಗ್ರಾಂ' ಎಂದೇ ಕರೆಯುತ್ತಿದ್ದರು; ಅದರಲ್ಲಿದ್ದ ಕುಹಕ ಗೊತ್ತಿದ್ದೂ ಒಳಗೊಳಗೇ ಬೀಗುತ್ತಿದ್ದ. ಅಂಥ ಅರೆಗ್ರಾಂ ಕಣ್ಣಾರೆ ಮೂರು ನೋಡಿ ಬಾಯಲ್ಲಿ ಎರಡು ಎಂದಿದ್ದಾನೆ. ಅದಕ್ಕೂ ಅವನಿಗೆ ಆ ಹುಡುಗಿಯ ಮೇಲೆಯೇ ಸಿಟ್ಟು ಬಂತು. ಉತ್ತರಗಳನ್ನೆಲ್ಲ ಮೊದಲೇ ಬಿಡಿಸಿ ಹೇಳಿ ಆಮೇಲೆ ಪ್ರಶ್ನೆ ಕೇಳಿದರೆ ಯಾವನು ತಾನೇ ನಿಜ ಹೇಳುತ್ತಾನೆ?

"ಏನಂತೆ ಪುಟ್ಟಾ?" ಒಳಗಿನಿಂದ ಅಕ್ಕನ ದನಿ. ನಲವತ್ತೆರಡು ವರ್ಷದ, ತಲೆ ಅರ್ಧ ಬೋಳಾದ ಗಂಡಸನ್ನು ಪುಟ್ಟಾ ಎಂದು ಕರೆಯುವವಳು ಈ ಭೂಮಿಯ ಮೇಲೆ ಅವಳೊಬ್ಬಳೇ.

"ಕಂಪನಿ ಲೈನು ಸರಿ ಇಲ್ವಂತೆ. ಮುಂಡೇಗಂಡರು."

"ಬೈಬೇಡ. ಫೋನ್ ಮಾಡಿ ಹೇಳು, ಬರ್ತಾರೆ." ಆ ಎರಡು ಮಾತಿನ ನಡುವೆ ಅವಳು ಉಸಿರು ಎಳೆದುಕೊಂಡದ್ದು ಅವನಿಗೆ ಕೇಳಿಸಿತು. ಒಣಗಿದ ಕೊಳವೆಯಲ್ಲಿ ನೀರು ಬರುವ ಮುಂಚೆ ಗಾಳಿ ಹಾಯುವ ಹಾಗೆ.

ಆ ಉಸಿರಿನ ಲೆಕ್ಕವನ್ನೇ ಈ ಡಬ್ಬಿ ಬರೆಯಬೇಕಾಗಿದ್ದದ್ದು. ಹಿತ್ತಲ ಗೋಡೆಯಾಚೆ ಗೇಟು, ಗ್ರಿಲ್ಲುಗಳಿಗೆ ಬಣ್ಣ ಹೊಡೆಯುವ ಶೆಡ್ಡು ಬಂದು ಎರಡು ವರ್ಷವಾಗಿತ್ತು. ಕಂಪ್ರೆಸರ್ ಶುರುವಾದರೆ ಅರ್ಧ ಗಂಟೆಯಲ್ಲಿ ಅಕ್ಕನ ಎದೆ ಶುರು. ದೂರು ಕೊಟ್ಟರೆ ಮಾಲಿನ್ಯ ನಿಯಂತ್ರಣ ಕಚೇರಿಯ ಗುಮಾಸ್ತ ಕನ್ನಡಕ ಹಣೆಗೇರಿಸಿ, ವಾಸನೆ ಅಂತ ಎಲ್ರೂ ಬರೀತಾರೆ, ನಂಬರ್ ತಂದುಕೊಡಿ, ಮೂವತ್ತು ದಿನ ಬಿಡದ ಹಾಗೆ ನಂಬರ್, ಎಂದಿದ್ದ. ನಂಬರು ಎಂಬ ಮಾತು ಕೇಳಿ ಅವನು ಖುಷಿಯಾಗಿಬಿಟ್ಟಿದ್ದ. ಅದು ತನ್ನ ಮಾತು. ಅಕ್ಕನ ಹೆಸರಿನಲ್ಲೇ ಅರ್ಜಿ ಹಾಕಿಸಿ, ಗಾಳಿ ಅಳೆಯುವ ಲ್ಯಾಬಿಗೆ ಹತ್ತು ಸಲ ಅಲೆದು, ಡಬ್ಬಿ ತರಿಸಿ, ಮಟ್ಟಗೋಲು ಹಿಡಿದು ತಾನೇ ಗೋಡೆಗೆ ಕೂರಿಸಿದ್ದ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಫೋನಿನಲ್ಲಿ ಹಿಂದಿನ ದಿನದ ಅಂಕಿ ನೋಡಿ, ನೂರಾ ಅರವತ್ತು ಅಕ್ಕ, ಕೆಂಪು, ಭೇಷ್, ಎನ್ನುತ್ತಿದ್ದ. ಅವಳು ಉಸಿರಿನ ಪಂಪು ಬಾಯಿಗಿಟ್ಟುಕೊಂಡೇ ನಗುತ್ತಿದ್ದಳು. ನಾನು ಜಾಸ್ತಿ ಒದ್ದಾಡಿದಷ್ಟೂ ನಿನಗೆ ಜಾಸ್ತಿ ಮಾರ್ಕು ಅಲ್ವೇನೋ.

ಶನಿವಾರ ಅವನು ಊಟಕ್ಕೆ ಬಂದಾಗ ಹಿತ್ತಲ ಸ್ಟೂಲು ಹತ್ತಿ ಇಣುಕಿದರೆ ಗೋಡೆಯಾಚೆ, ನೆರಳಿನಲ್ಲಿ, ಶೆಡ್ಡಿನ ಮೂವರು ಕೆಲಸಗಾರರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ಒಬ್ಬನ ಫೋನಿನೊಳಗಿಂದ ಯಾವುದೋ ಹೆಂಗಸು ಮಗುವಿನ ಕೈ ಹಿಡಿದು ಆಡಿಸುತ್ತಿದ್ದಳು. ಇಲ್ಲೇ ಯಾಕೆ ಕೂತಿದ್ದಾರೆ ಇವರು ಎಂದು ಕೇಳಿದ್ದಕ್ಕೆ ಅಕ್ಕ ಏನೂ ಆಗದವಳ ಹಾಗೆ, ಇಲ್ಲಿಗೆ ನಮ್ಮ ವೈಫೈ ಚೆನ್ನಾಗಿ ಬರತ್ತಂತೆ ಕಣೋ, ಕೇಳಿದ್ರು, ಚೀಟೀಲಿ ಬರೆದು ಕೊಟ್ಟೆ, ಊರಲ್ಲಿ ಹೆಂಡ್ತಿ ಮಕ್ಕಳು ಇದ್ದಾರೆ ಪಾಪ, ಎಂದಳು. ಅವನ ಮೈ ಉರಿದುಹೋಯಿತು. ಯಾರ ವಿರುದ್ಧ ಗಾಳಿಯ ಒಂದೊಂದು ಕಣವನ್ನೂ ಎಣಿಸುತ್ತಿದ್ದೇನೋ ಅವರಿಗೇ ನನ್ನ ಮನೆಯ ಲೈನು! "ನಿನ್ನ ಎದೆಗೆ ವಿಷ ಹೊಡೆಯೋರಿಗೆ ನೀನು ಉಪಚಾರ ಮಾಡು! ನಾನು ಇಲ್ಲಿ ಮುಠ್ಠಾಳನ ಹಾಗೆ ಡಬ್ಬಿ ಕಾಯ್ತೀನಿ," ಎಂದು ಕೂಗಿ, ಊಟದ ತಟ್ಟೆ ಹಾಗೇ ಬಿಟ್ಟು, ರೂಟರಿನ ಮುಂದೆ ಕೂತು, ಐದು ನಿಮಿಷದಲ್ಲಿ ಪಾಸ್‌ವರ್ಡ್ ಬದಲಾಯಿಸಿದ. ಗೋಡೆಯಾಚೆ ಮೂವರೂ ಒಟ್ಟಿಗೆ ಹಲೋ ಹಲೋ ಎಂದದ್ದು ಕೇಳಿ ಅವನಿಗೆ ಆದ ತೃಪ್ತಿ ಎಂಥದು! ಅಷ್ಟಕ್ಕೇ ಬಿಡಲಿಲ್ಲ. ಲೈನು ಹಾಕಿದ ದಿನ ಕಂಪನಿಯ ಯಾವನೋ ಹಳೆಯ ಪಾಸ್‌ವರ್ಡನ್ನು ಪೆನ್ನಿನಲ್ಲಿ ಬರೆದು ರೂಟರಿನ ಹೊಟ್ಟೆಗೆ ಅಂಟಿಸಿದ್ದ ಚೀಟಿಯನ್ನು, ಅಕ್ಕ ನೋಡಿ ನಕಲು ಮಾಡಿದ್ದ ಆ ಚೀಟಿಯನ್ನು, ತಕ್ಕಡಿ ತಟ್ಟೆ ಉಜ್ಜುವ ಚಾಕುವಿನಿಂದ ಒಂದು ಅಕ್ಷರವೂ ಉಳಿಯದ ಹಾಗೆ ಕೆರೆದು ಹಾಕಿದ. ಗೋಡೆಯಲ್ಲಿ ಕೂತ ಡಬ್ಬಿಯೂ ಆ ಮೂವರ ಹಾಗೆಯೇ ಹಳೆಯ ಪಾಸ್‌ವರ್ಡ್ ಹಿಡಿದು ಹಲೋ ಹಲೋ ಎನ್ನುತ್ತಿರಬಹುದು ಎಂದು ಅವನಿಗೆ ಹೊಳೆಯಲಿಲ್ಲ. ಭಾನುವಾರ ಅಂಕಿ ನೋಡಲಿಲ್ಲ. ನೋಡಲೇಬಾರದು, ಅವಳಿಗೇ ಬೇಡದ ಲೆಕ್ಕ ನನಗೇಕೆ ಎಂದು ಹಟ ಮಾಡಿ, ರಜೆಯ ದಿನವೂ ಅಂಗಡಿಗೆ ಹೋಗಿ, ಬಾಗಿಲು ಅರ್ಧ ಎಳೆದುಕೊಂಡು, ಯಾರೂ ಕೇಳದಿದ್ದ ಹಳೆಯ ತಕ್ಕಡಿಯೊಂದನ್ನು ಬಿಚ್ಚಿ ಜೋಡಿಸಿ ಬಿಚ್ಚಿ ಜೋಡಿಸಿ ಕಾಲ ಕಳೆದ. ಸಂಜೆ ಬಂದಾಗ ಗಾಳಿ ನೀಲಿಯಾಗಿತ್ತು. ಯಾವುದೋ ದೊಡ್ಡ ಆರ್ಡರ್ ಅಂತೆ, ಶೆಡ್ಡಿನಲ್ಲಿ ಬೆಳಿಗ್ಗೆಯಿಂದ ಒಂದೇ ಸಮ ಬಣ್ಣ ಹೊಡೆದಿದ್ದರು. ಅಕ್ಕ ಅಡುಗೆಮನೆಯ ನೆಲದ ಮೇಲೆ, ಎರಡು ಕೈಯನ್ನೂ ಮಂಡಿಗೆ ಊರಿ, ಮುಖ ಎತ್ತಿ ಕೂತಿದ್ದಳು. ಅವನನ್ನು ನೋಡಿ ಮಾತಾಡಲು ಆಗದೆ ಬೆರಳಿನಿಂದ ಪಂಪು ತೋರಿಸಿದಳು. ಅದು ಅವಳಿಂದ ಎರಡು ಮಾರು ದೂರದ ಮೇಜಿನ ಮೇಲಿತ್ತು.

ಸೋಮವಾರ ಪೂರ್ತಿ ಆಸ್ಪತ್ರೆಯ ಬೆಂಚಿನಲ್ಲಿ ಕಳೆಯಿತು. ಇವತ್ತು ಮಂಗಳವಾರ, ಗಂಟೆ ಒಂಬತ್ತೂಕಾಲು.

ಕಂಪನಿಯ ಕಸ್ಟಮರ್ ಕೇರಿಗೆ ಫೋನು ಮಾಡಿದ. ಬೇಕೆಂದೇ ನಡುಮನೆಯಲ್ಲಿ, ಅಕ್ಕನಿಗೆ ಕೇಳಿಸುವ ಹಾಗೆ, ಸ್ಪೀಕರ್ ಹಾಕಿ. ಸಂಗೀತ ಬಂತು. ಅದೇ ನಾಲ್ಕು ಸ್ವರ, ಮತ್ತೆ ಅದೇ ನಾಲ್ಕು ಸ್ವರ. ಆಮೇಲೆ ಒಂದು ಎಳೆಯ ಹೆಣ್ಣು ದನಿ, ಸೆನ್ಸರಿನ ದೀಪ ಎರಡು ಸಲ ಮಿಟುಕುತ್ತಿದೆ ಎಂದು ಅವನು ಹೇಳಿದ್ದನ್ನು ಬರೆದುಕೊಂಡು, ರೂಟರ್ ಆಫ್ ಮಾಡಿ, ಮೂವತ್ತು ಎಣಿಸಿ, ಆನ್ ಮಾಡಿ ಎಂದಿತು. ಅವನು ಮೂವತ್ತನ್ನು ಒಂದೂ ಬಿಡದೆ ಎಣಿಸಿದ. ಎಣಿಸುತ್ತ ಎಣಿಸುತ್ತ, ಈ ಮೂವತ್ತಕ್ಕೆ ಎಷ್ಟು ಪ್ರಾಮಾಣಿಕನಾಗಿದ್ದೇನೆ ನಾನು ಎನಿಸಿ ಅಸಹ್ಯವಾಯಿತು.

"ಸರ್, ನಮ್ಮ ಕಡೆಯಿಂದ ನಿಮ್ಮ ಲೈನ್ ಸರಿಯಾಗೇ ತೋರಿಸ್ತಿದೆ. ಮನೆಯಲ್ಲಿ ಬೇರೆ ಫೋನಿನಲ್ಲಿ ಇಂಟರ್ನೆಟ್ ಬರ್ತಿದೆಯಾ?"

ಬರುತ್ತಿತ್ತು. ಕೈಯಲ್ಲಿದ್ದ ಫೋನಿನ ಮೂಲೆಯಲ್ಲಿ ವೈಫೈ ಗುರುತು ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಕೂತಿತ್ತು. "ಬರ್ತಿಲ್ಲ! ಬಂದಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ? ಪೇಷಂಟ್ ಇರೋ ಮನೆ ಇದು ಗೊತ್ತಾ? ಅಲ್ಲಿ ಏಸಿ ರೂಮಲ್ಲಿ ಕೂತು ಸರಿ ಇದೆ ಸರಿ ಇದೆ ಅಂತ ಗಿಳಿಪಾಠ ಒಪ್ಪಿಸ್ತೀರಲ್ಲ, ನಾಚಿಕೆ ಆಗಲ್ವಾ? ಯಾರ್ರೀ ನಿಮಗೆ ಕೆಲಸ ಕೊಟ್ಟೋರು?" ಬಾಯಿ ತಾನಾಗಿ ಓಡುತ್ತಿತ್ತು, ಮತ್ತು ಅದರಲ್ಲಿ ಒಂದು ಸುಖವಿತ್ತು. ನಿಜವಾಗಿ ಅನ್ಯಾಯವಾದವನ ಸಿಟ್ಟಿಗಿಂತ ಈ ಸಿಟ್ಟು ಹೆಚ್ಚು ಸರಾಗ. ಅವಳ ಮನೆ, ಅವಳ ಕಂಪನಿ, ಅವಳು ಕಲಿತ ಶಾಲೆ ಎಲ್ಲವನ್ನೂ ಜಾಲಾಡಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಆ ಕಡೆ ಏನೂ ಸದ್ದಿರಲಿಲ್ಲ. "ಇದ್ದೀರಾ ಸತ್ರಾ?"

"ಇದ್ದೀನಿ ಸರ್. ನಾವು ಕಾಲ್ ಕಟ್ ಮಾಡೋ ಹಾಗಿಲ್ಲ ಸರ್. ನೀವೇ ಕಟ್ ಮಾಡ್ಬೇಕು."

ಅವನು ಕಟ್ ಮಾಡಿದ. ಅಷ್ಟರಲ್ಲಿ ಟೆಕ್ನಿಷಿಯನ್ ಮಧ್ಯಾಹ್ನ ಒಂದು ಗಂಟೆಯೊಳಗೆ ಬರುತ್ತಾನೆ ಎಂದು ಮೆಸೇಜು ಬಂದಿತ್ತು. ಅಕ್ಕ ಒಳಗಿನಿಂದ, "ಅಷ್ಟೊಂದು ಯಾಕೋ ಆ ಹುಡುಗಿಗೆ," ಎಂದಳು. ಅಪ್ಪನೂ ಹೀಗೆಯೇ ಬೈಯುತ್ತಿದ್ದ. ಅಂಗಡಿಯ ಹಿತ್ತಾಳೆ ತೂಕದ ಬಟ್ಟುಗಳ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಚಿಕ್ಕದು, ಉಗುರಿನಷ್ಟು ತಗಡು, ಒಂದು ದಿನ ಮಾಯವಾಗಿತ್ತು. ಅದನ್ನು ನೀರಿನ ತೊಟ್ಟಿಯಲ್ಲಿ ದೋಣಿ ಮಾಡಿ ತೇಲಿಬಿಡಲು ನೋಡಿ ಕಳೆದವನು ಆಗಿನ್ನೂ ಹುಡುಗನಾಗಿದ್ದ ಅವನೇ. ಅಪ್ಪ ಬೆಲ್ಟು ಬಿಚ್ಚಿದಾಗ, ಕಸ ಗುಡಿಸೋವಾಗ ನನ್ನ ಕೈಯಿಂದಲೇ ಹೋಗಿರ್ಬೇಕು ಎಂದವಳು ಅಕ್ಕ. ಪರೀಕ್ಷೆಯ ಅಂಕಪಟ್ಟಿ, ಒಡೆದ ಸೈಕಲ್ಲು, ನಿಂತುಹೋದ ಅವನ ಮದುವೆ ಮಾತುಕತೆ, ಎಲ್ಲಕ್ಕೂ ಅಕ್ಕ ಎಲ್ಲಿಂದಲೋ ಬಂದು ನಡುವೆ ನಿಂತು, ನನ್ನದೇ ತಪ್ಪು ಎಂದುಬಿಡುತ್ತಿದ್ದಳು. ಅದಕ್ಕಾಗಿ ಅವಳ ಮೇಲೆ ಒಂದು ಬಗೆಯ ದ್ವೇಷವೇ ಅವನಲ್ಲಿತ್ತು. ಸಾಲ ಕೊಟ್ಟು ಮರೆತವರ ಮುಂದೆ ಓಡಾಡುವ ಹಾಗೆ ಅವಳ ಮುಂದೆ ಓಡಾಡುತ್ತಿದ್ದ.

ಒಂದು ಗಂಟೆ ಎಂದವನು ಬಂದಾಗ ಎರಡು ಹೊಡೆಯಲು ಹತ್ತು ನಿಮಿಷ. ಬೆನ್ನಿಗೆ ಚೀಲ, ಸೊಂಟಕ್ಕೆ ವೈರಿನ ಸುರುಳಿ, ಬಾಯಲ್ಲಿ ಅಗಿಯುತ್ತಿದ್ದ ಏನೋ. "ಎಲ್ಲಿ ಬಾಸ್ ಪೇಷಂಟು?" ಎಂದು ರೂಟರಿನ ಬೆನ್ನು ತಟ್ಟಿದ. ಲೈನು ತನ್ನ ಪುಟ್ಟ ಯಂತ್ರಕ್ಕೆ ಸಿಕ್ಕಿಸಿ ನೋಡಿದ. "ಲೈನು ಗುಂಡುಕಲ್ಲಿನ ಹಾಗಿದೆ. ಪಾಸ್‌ವರ್ಡ್ ಹೇಳಿ, ನನ್ನ ಫೋನಲ್ಲಿ ನೋಡೋಣ."

"ಕೊಡಿ ಇಲ್ಲಿ, ನಾನೇ ಹಾಕ್ತೀನಿ."

"ಹೇಳಿ ಬಾಸ್, ನಾನೇನು ಕದ್ಕೊಂಡು ಹೋಗ್ತೀನಾ?"

ಅವನು ಒಳಕೋಣೆಯ ಬಾಗಿಲ ಕಡೆ ಬೆನ್ನು ಮಾಡಿ, ಗಂಟಲು ತಗ್ಗಿಸಿ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳಿದ. ಟೆಕ್ನಿಷಿಯನ್ ಒಂದೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳುತ್ತ ಒತ್ತಿದ. ಕೊನೆಗೆ ಒಂದು ಎರಡು ಮೂರು. ಆಮೇಲೆ ಎಲ್ಲ ಕೂಡಿಸಿ ಓದಿ ಜೋರಾಗಿ ನಕ್ಕ. "'ಕಳ್ಳರಿಗಿಲ್ಲ'! ಭಾರೀ ಇದೆ ಬಾಸ್! ನೋಡಿ, ನನಗೆ ಬಂತು. ಅಂದ್ರೆ ನಾನು ಕಳ್ಳ ಅಲ್ಲ ಅಂತ ಆಯ್ತು."

ಒಳಗೆ ಮಂಚ ಕಿರುಗುಟ್ಟಿತು.

"ಎಲ್ಲಿ, ಆ ಸೆನ್ಸರ್ ತೋರಿಸಿ." ಟೆಕ್ನಿಷಿಯನ್ ಹಿತ್ತಲಿಗೆ ಹೋಗಿ ಡಬ್ಬಿಯ ಕೆಳಗೆ ಬಗ್ಗಿ ನೋಡಿದ. ಅಲ್ಲೇ ಗೋಡೆಗೆ ಲ್ಯಾಬಿನವರು ದೀಪದ ಮಿಟುಕಿನ ಅರ್ಥ ಬರೆದು ಅಂಟಿಸಿದ್ದ ಹಾಳೆಯನ್ನು ಬೆರಳಿಟ್ಟು ಓದಿದ. "ಎರಡು ಅಂತ ಕಂಪ್ಲೇಂಟ್ ಬರೆಸಿದ್ದೀರಿ. ಮೂರು ಸಲ ಮಿಟುಕ್ತಾ ಇದೆಯಲ್ಲ ಬಾಸ್. ಪಾಸ್‌ವರ್ಡ್ ಬದಲಾಯಿಸಿದ್ರಾ?"

"ಇಲ್ಲ."

"ಶನಿವಾರ ಬದಲಾಯಿಸಿದ್ದಾನೆ," ಎಂದಳು ಅಕ್ಕ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಸೆರಗು ಭುಜದ ಮೇಲೆ ಸರಿಯಾಗಿ ಕೂತಿರಲಿಲ್ಲ. ಅವಳು ಅವನ ಕಡೆ ನೋಡದೆ ಟೆಕ್ನಿಷಿಯನ್ನನ್ನೇ ಕೇಳಿದಳು, "ಅದಕ್ಕೇನಾ ಇದು ನಿಂತಿರೋದು?"

"ಅದಕ್ಕೇ ಅಮ್ಮ. ಹಳೇದನ್ನೇ ವಾಪಸ್ ಹಾಕ್ಬಿಟ್ರೆ ತಾನಾಗೇ ಹಿಡ್ಕೊಳ್ಳತ್ತೆ. ಎರಡು ನಿಮಿಷದ ಕೆಲಸ. ಹಳೇದು ಹೇಳಿ."

ಯಾರಿಗೂ ನೆನಪಿರಲಿಲ್ಲ. ಅಕ್ಷರವೂ ಅಂಕಿಯೂ ಕಲಸಿದ ಉದ್ದನೆಯ ಸಾಲು ಅದು. ಟೆಕ್ನಿಷಿಯನ್ ರೂಟರನ್ನು ಮಗುಚಿ, ಕೆರೆದ ಚೀಟಿಯನ್ನು ನೋಡಿ, ಹೆಬ್ಬೆರಳಿನಿಂದ ಸವರಿದ. "ಇಲಿ ಕೆರೆದಿದೆಯಾ ಬಾಸ್?" ಎಂದು ಚೀಲ ಹೆಗಲಿಗೇರಿಸಿದ. "ಹಳೇದು ಸಿಕ್ರೆ ಹಾಕಿ. ಲೈನ್ ಸರಿ ಇದೆ, ನಾನು ಹಾಗೇ ಬರೀತೀನಿ. ಆ ಕಾಲ್ ಸೆಂಟರ್ ಹುಡುಗಿ ಅಳ್ತಾ ಫೋನ್ ಮಾಡಿತ್ತು, ಬೇಗ ಹೋಗಣ್ಣ, ಪೇಷಂಟ್ ಇದ್ದಾರಂತೆ ಅಂತ. ಬರ್ತೀನಮ್ಮ."

ಗಡಿಯಾರದಲ್ಲಿ ಎರಡೂಕಾಲು. "ನಾನು ಬರೆದು ಕೊಟ್ಟ ಚೀಟಿ ಅವರ ಹತ್ರ ಇರತ್ತೆ," ಎಂದಳು ಅಕ್ಕ. "ಗೋಡೆ ಹತ್ರ ನಿಂತು ಒಂದು ಕೂಗು ಹಾಕು, ಕೊಡ್ತಾರೆ."

"ನಾನು ಕೂಗಲ್ಲ."

ಅವಳು ಸ್ಟೂಲು ಎಳೆದುಕೊಂಡಳು. ಒಂದು ಕಾಲು ಮೇಲಿಟ್ಟಳು. ಗೋಡೆಯಾಚೆಗೆ ಮುಖ ಮಾಡಿ ಬಾಯಿ ತೆರೆದಳು. ಬಂದದ್ದು ಬರೀ ಗಾಳಿ, ಅದರ ಹಿಂದೆ ಕೆಮ್ಮು. ಕೆಮ್ಮು ನಿಲ್ಲುವ ತನಕ ನಿಂತು, ಮತ್ತೆ ಬಾಯಿ ತೆರೆದಳು. ಅವನಿಗೆ ನೋಡಲಾಗಲಿಲ್ಲ. "ಇಳಿ ಕೆಳಗೆ! ಸಾಯ್ಬೇಕಾ ನೀನು? ಹೋಗ್ತೀನಿ!" ಎಂದು ಅಬ್ಬರಿಸಿ ಮುಂಬಾಗಿಲಿನಿಂದ ಹೊರಟ. ಗೋಡೆಯ ಹತ್ತಿರ ನಿಂತು ಕೂಗಿದ್ದರೆ ಒಂದು ನಿಮಿಷ. ಶೆಡ್ಡಿನ ಗೇಟು ಇದ್ದದ್ದು ಹಿಂದಿನ ಬೀದಿಗೆ. ನಡೆದುಹೋದರೆ ನೀರಿನ ಟ್ಯಾಂಕು, ಮುಚ್ಚಿದ ಟಾಕೀಸು, ಗ್ಯಾರೇಜು ಎಲ್ಲ ಬಳಸಿ ಹೋಗಬೇಕು, ಹದಿನೈದು ನಿಮಿಷ. ಅಕ್ಕನ ಕಣ್ಣೆದುರಿಗೆ, ಅವಳ ಹಿತ್ತಲಿನಿಂದ, ಆ ಜನಕ್ಕೆ ಕೈಚಾಚಲು ಅವನಿಂದಾಗದು. ಬಿಸಿಲಿನಲ್ಲಿ ದಾಪುಗಾಲು ಹಾಕುತ್ತ ಅವನು ತನ್ನ ಪರವಾಗಿ ವಾದಿಸುತ್ತಿದ್ದ. ಇವಳು ಕೊಟ್ಟದ್ದರಿಂದ ತಾನೇ ಇಷ್ಟೆಲ್ಲ? ಕೊಡದಿದ್ದರೆ ಬದಲಾಯಿಸುತ್ತಿರಲಿಲ್ಲ, ಬದಲಾಯಿಸದಿದ್ದರೆ ನಿಲ್ಲುತ್ತಿರಲಿಲ್ಲ. ಗೆಲ್ಲುತ್ತಲೇ ಇದ್ದ, ಆದರೆ ಎದುರು ಕಕ್ಷಿಯವರು ಬಂದೇ ಇರಲಿಲ್ಲ.

ಶೆಡ್ಡಿನೊಳಗೆ ಕಾಲಿಟ್ಟರೆ ಕಣ್ಣು ಉರಿಯಿತು. ಸಾಲಾಗಿ ತೂಗುಹಾಕಿದ್ದ ಗೇಟುಗಳು, ಹಸಿ ಬಣ್ಣ. ಮಾಲೀಕ ಇರಲಿಲ್ಲ. ನರೆತ ಗಡ್ಡದ ತುದಿ ನೀಲಿಯಾಗಿದ್ದ ಒಬ್ಬ ಪೇಂಟರು, ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆ ಕೆಳಗೆ ಎಳೆದುಕೊಂಡು ಎದ್ದು ಬಂದ. ಶನಿವಾರ ಫೋನಿನೊಳಗಿನ ಮಗುವಿಗೆ ಮುಖ ತೋರಿಸುತ್ತಿದ್ದವನು ಇವನೇ.

"ಬನ್ನಿ ಅಣ್ಣ. ಅಕ್ಕನ ತಮ್ಮ ಅಲ್ವಾ? ಹೇಗಿದ್ದಾರೆ ಅಕ್ಕ? ಮೂರು ದಿನ ಆಯ್ತು ಗೋಡೆ ಹತ್ರ ಕಾಣ್ಲೇ ಇಲ್ಲ."

ಅವನು ಉರು ಹೊಡೆದುಕೊಂಡು ಬಂದಿದ್ದ ಗತ್ತಿನ ಮಾತೆಲ್ಲ ಮರೆತುಹೋಯಿತು. "ವೈಫೈದು... ಒಂದು ಚೀಟಿ ಕೊಟ್ಟಿದ್ಲಂತೆ."

"ಅಯ್ಯೋ, ನಾವೇ ಹೇಳೋಣ ಅಂತಿದ್ವಿ ಅಣ್ಣ. ಶನಿವಾರದಿಂದ ಬರ್ತಿಲ್ಲ. ಪಾಪ, ನಿಮ್ಮ ಮನೇಲೂ ಕೆಟ್ಟುಹೋಗಿದೆ ಅನ್ಸತ್ತೆ ಅಂತ ಮಾತಾಡ್ಕೊಂಡ್ವಿ. ಈ ಕಂಪನಿಯವರು ಹೀಗೇ ಬಿಡಿ." ಹೇಳುತ್ತ ಹೇಳುತ್ತ ಪೇಂಟರಿಗೆ ಕೆಮ್ಮು ಬಂತು. ಗೋಡೆ ಹಿಡಿದು, ಮಂಡಿಗೆ ಒಂದು ಕೈ ಊರಿ, ಮುಖ ಎತ್ತಿ ಕೆಮ್ಮಿದ. ಆ ಭಂಗಿ ಅವನು ಭಾನುವಾರ ಸಂಜೆ ಅಡುಗೆಮನೆಯ ನೆಲದ ಮೇಲೆ ನೋಡಿದ್ದದ್ದೇ. ನೋಡಬಾರದಿತ್ತು ಎನ್ನಿಸಿ ಇನ್ನೂ ಸಿಟ್ಟು ಬಂತು; ಇವನೂ ಹೀಗೆ ಕೆಮ್ಮಿದರೆ ನಾನು ಯಾರನ್ನು ದ್ವೇಷಿಸಲಿ? ಪೇಂಟರು ಕಣ್ಣೊರೆಸಿಕೊಂಡು, ಅಂಗಿಗಳನ್ನು ನೇತುಹಾಕಿದ್ದ ಮೊಳೆಯ ಪಕ್ಕ ಟೇಪಿನಿಂದ ಅಂಟಿಸಿದ್ದ ಚೀಟಿಯನ್ನು ಉಗುರಿನಿಂದ ನಿಧಾನಕ್ಕೆ, ಹರಿಯದ ಹಾಗೆ, ಬಿಡಿಸತೊಡಗಿದ. ಒಂದು ಮೂಲೆ, ಇನ್ನೊಂದು ಮೂಲೆ. ಗಡಿಯಾರದಲ್ಲಿ ಎರಡು ಮೂವತ್ತೆಂಟು. ಕಿತ್ತು ಕೊಡೋ ಮಾರಾಯ ಎಂದು ಕಿರುಚಬೇಕೆನಿಸಿತು. "ಭಾನುವಾರ ಬೇಡ ಅಂತ ನಾವು ಹೇಳಿದ್ವಿ ಅಣ್ಣ, ಮಾಲೀಕರು ಕೇಳ್ಲಿಲ್ಲ. ಅಕ್ಕನಿಗೆ ಆಗಲ್ಲ ಅಂತ ಗೊತ್ತು ನಮಗೆ. ತಗೊಳ್ಳಿ. ಸರಿಹೋದ ಮೇಲೆ ಒಂದು ಮಾತು ಹೇಳಿ."

ಚೀಟಿಯಲ್ಲಿ ಅಕ್ಕನ ಅಕ್ಷರ. ಓದುವವರಿಗೆ ತಿಳಿಯಲಿ ಎಂದು ಒಂದೊಂದು ಅಂಕಿಯನ್ನೂ ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆದು, ಸೊನ್ನೆಯ ಕೆಳಗೆ 'ಸೊನ್ನೆ' ಎಂದು ಕನ್ನಡದಲ್ಲಿ ಬರೆದಿದ್ದಳು.

ವಾಪಸು ಓಡಿದ. ಟಾಕೀಸಿನ ಮುಂದೆ ಅಂಗಡಿಗೆ ಬರುವ ವ್ಯಾಪಾರಿಯೊಬ್ಬ, ಏನ್ ಸಾರ್ ಅರೆ... ಎಂದು ಶುರುಮಾಡಿ ಅವನ ಮುಖ ನೋಡಿ ನುಂಗಿಕೊಂಡ. ಮನೆಗೆ ಬಂದು ರೂಟರಿನ ಮುಂದೆ ಕೂತಾಗ ಎರಡು ಐವತ್ತೈದು. ಅವಸರಕ್ಕೆ ಒಂದು ಅಕ್ಷರ ತಪ್ಪಿತು. ಮತ್ತೆ ಮೊದಲಿಂದ. ರೂಟರು ಆರಿ, ಹತ್ತಿ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಒಂದೊಂದೇ ದೀಪ ಹಚ್ಚಿಕೊಂಡಿತು. ಅವನು ಹಿತ್ತಲಿಗೆ ಹೋಗಿ ಡಬ್ಬಿಯ ಕೆಳಗೆ ಕತ್ತು ಎತ್ತಿ ನಿಂತ. ಕೆಂಪು, ಕೆಂಪು, ಕೆಂಪು. ಅಕ್ಕ ಹಿಂದೆ ಬಂದು ನಿಂತಿದ್ದಳು. ಅವಳ ಉಸಿರು ಬೆನ್ನಿಗೇ ಕೇಳಿಸುತ್ತಿತ್ತು. ಕೊನೆಗೊಮ್ಮೆ ದೀಪ ಹಸಿರಾಗಿ ನಿಂತಿತು. ಫೋನು ತೆಗೆದು ಗಂಟೆ ನೋಡಿದ. ಮೂರು ಎಂಟು.

"ಬಂತಲ್ಲ," ಎಂದ, ಅವಳ ಕಡೆ ತಿರುಗದೆ. ತಿರುಗಿದಾಗ ಅವಳು ಅಲ್ಲಿರಲಿಲ್ಲ.

ಲ್ಯಾಬಿನ ಹುಡುಗಿ ಬಂದಾಗ ನಾಲ್ಕೂವರೆ. ಹೆಲ್ಮೆಟ್ ತೆಗೆದ ಕೂದಲು ಹಣೆಗೆ ಅಂಟಿತ್ತು. "ಎಂಟು ನಿಮಿಷ ಸಾರ್! ಬರೀ ಎಂಟು ನಿಮಿಷ! ದಾರಿಯಲ್ಲಿ ಫೋನಲ್ಲಿ ನೋಡಿ ಗಾಡಿ ನಿಲ್ಲಿಸಿಬಿಟ್ಟೆ ನಾನು." ಅವಳ ದುಃಖ ನಿಜವಾದದ್ದಾಗಿತ್ತು, ಅದಕ್ಕೇ ಸಹಿಸಲು ಕಷ್ಟವಾಯಿತು. ಅವಳು ಮೇಜಿನ ಮೇಲೆ ಒಂದು ಫಾರ್ಮು ಹರಡಿದಳು. "ಆದ್ರೆ ಒಂದು ದಾರಿ ಇದೆ. ತಪ್ಪು ಕಂಪನಿ ಲೈನಿಂದಾದ್ರೆ, ಮನೆಯವರದ್ದಲ್ಲ ಅಂದ್ರೆ, ಖಾಲಿ ದಿನಗಳನ್ನ ಹತ್ತಿರದ ಸೆನ್ಸರ್ ಅಂಕಿಯಿಂದ ತುಂಬಿಸಬಹುದು ಅಂತ ನಿಯಮ ಇದೆ. ಶಾಲೆ ಮೈದಾನದಲ್ಲಿ ಒಂದಿದೆ ನಮ್ಮದು. ಎರಡು ಸಲ ಮಿಟುಕ್ತು ಅಂತ ನೀವು ಬೆಳಿಗ್ಗೆ ಹೇಳಿದ್ದನ್ನೇ ಬರೆದಿದ್ದೀನಿ. ಅರ್ಜಿ ಈ ಅಮ್ಮನ ಹೆಸರಲ್ಲಿದೆ, ಅವರು ಇಲ್ಲಿ ಒಂದು ಸಹಿ ಹಾಕಿದ್ರೆ ಸಾಕು. ಇಪ್ಪತ್ತಾರು ಇಪ್ಪತ್ತಾರಾಗೇ ಇರತ್ತೆ."

ಅವನ ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿದ ಹಾಗಾಯಿತು. ಅಷ್ಟೇ ತಾನೆ! ತಪ್ಪು ಕಂಪನಿಯದು. ಬೆಳಿಗ್ಗೆಯಿಂದ ಕೂಗಿ ಕೂಗಿ ಅವನಿಗೂ ಅದು ಅರ್ಧ ನಿಜವಾಗಿಬಿಟ್ಟಿತ್ತು. ಕುರ್ಚಿಯಲ್ಲಿ ಕೂತಿದ್ದ ಅಕ್ಕನ ಮುಂದೆ ಫಾರ್ಮು ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಹಿಡಿದ. ಅಕ್ಕ ಕನ್ನಡಕ ಹಾಕಿಕೊಂಡು ಒಂದು ಸಾಲೂ ಬಿಡದೆ ಓದಿದಳು. 'ಸಂಪರ್ಕ ಕಂಪನಿಯ ದೋಷದಿಂದ' ಎಂಬಲ್ಲಿ ಅವಳ ಬೆರಳು ನಿಂತು, ಮುಂದೆ ಹೋಯಿತು.

"ಭಾನುವಾರಕ್ಕೆ ಎಷ್ಟು ಹಾಕ್ತೀಯಮ್ಮ?"

ಹುಡುಗಿ ಫೋನಿನಲ್ಲಿ ನೋಡಿದಳು. "ಶಾಲೆ ಹತ್ರ... ಮೂವತ್ತೆಂಟು. ರಜ ಅಲ್ವಾ, ಗಾಡಿಗಳೂ ಇರಲಿಲ್ಲ. ಉತ್ತಮ ಅಂತ ಬರತ್ತೆ. ಹಸಿರು." ತಾನು ಹೇಳಿದ್ದು ತನಗೇ ಕೇಳಿಸಿದವಳ ಹಾಗೆ ದನಿ ತಗ್ಗಿಸಿದಳು. "ಒಂದು ದಿನ ಅಮ್ಮ. ಸರಾಸರಿಗೆ ಏನೂ ಆಗಲ್ಲ. ಬಿಟ್ರೆ ಮುಂದಿನ ವಿಚಾರಣೆ ಆರು ತಿಂಗಳಾದ ಮೇಲೆ."

ಆರು ತಿಂಗಳು. ಕಂಪ್ರೆಸರ್ ಗೋಡೆಯಾಚೆ ಶುರುವಾಯಿತು. ಅವನು ನೋಡಿದ: ಅಕ್ಕನ ಕತ್ತಿನ ಎರಡು ಪಕ್ಕದ ನರಗಳು ಉಸಿರಿನ ಜೊತೆ ಏಳುತ್ತಿದ್ದವು, ಬೀಳುತ್ತಿದ್ದವು. ಈಗ ಅವಳು ಬೈಯಬೇಕು, ಕೆನ್ನೆಗೆ ಬಾರಿಸಬೇಕು, ಇವನು ಮಾಡಿದ್ದು ಎಂದು ಆ ಹುಡುಗಿಗೆ ಹೇಳಬೇಕು. ಇಲ್ಲವೆ ಸಹಿ ಹಾಕಬೇಕು. ಎರಡರಲ್ಲಿ ಯಾವುದಾದರೂ ಆಗಲಿ ಎಂದು ಅವನು ಒಳಗೇ ಗೋಗರೆಯುತ್ತಿದ್ದ, ಮತ್ತು ಹಾಗೆ ಗೋಗರೆಯುವಂತೆ ಮಾಡಿದ್ದಕ್ಕೆ ಅವಳ ಮೇಲೆ ಕುದಿಯುತ್ತಿದ್ದ.

"ಹಾಕಕ್ಕ. ಏನು ಅಷ್ಟೊಂದು ನೋಡೋದು? ಎಲ್ರೂ ಮಾಡೋದೇ. ನಿನಗೋಸ್ಕರಾನೇ ತಾನೇ ಇದೆಲ್ಲ?"

ಅವಳು ಕನ್ನಡಕ ತೆಗೆದು ಮಡಚಿದಳು.

"ಅಕ್ಕ, ಹೋಗ್ಲಿ, ನನಗೋಸ್ಕರ. ಬರೀ ಒಂದು ಸಹಿ." ಪೆನ್ನನ್ನು ಅವಳ ಕೈಗೇ ತುರುಕಲು ಹೋದ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಫಾರ್ಮನ್ನು ಎರಡು ಬೆರಳಿನಿಂದ ಮೇಜಿನಾಚೆಗೆ, ಹುಡುಗಿಯ ಕಡೆಗೆ, ತಳ್ಳಿದಳು.

"ಹಾಕಲ್ಲ," ಎಂದಳು.